ಓಪಲ್ ತುಂಬಿದ ಕಾಡತೂಸು

ಆರ್ವಿಡ್ ಸ್ಟೋರ್ಡಾಲನ ಕಸುಬು ಜಾನುವಾರು ಕಡಿಯುವುದು. ಅಂಗಡಿ ಇಟ್ಟುಕೊಂಡು ಕೂತ ಕಟುಕನಲ್ಲ. ಹಳೆಯ ಟ್ರಕ್ಕಿನ ಹಿಂದೆ ರಾಟೆ, ಕೊಕ್ಕೆ, ನೀರಿನ ಪೀಪಾಯಿ ಹೇರಿಕೊಂಡು, ಕರೆದವರ ಮನೆಗೇ ಹೋಗಿ, ಅವರ ದೊಡ್ಡಿಯಲ್ಲೇ ಕೆಲಸ ಮುಗಿಸಿ ಬರುವವನು. ಮೊಂಟಾನಾದ ಆ ಬಯಲಿನಲ್ಲಿ ಹಿಮ ಬೀಳುವ ಮುಂಚಿನ ದಿನಗಳೆಂದರೆ ಅವನಿಗೆ ಉಸಿರು ಬಿಡಲೂ ಪುರುಸೊತ್ತಿರುತ್ತಿರಲಿಲ್ಲ. ಕಟುಕನಿಗೆ ಕರುಣೆಯಿಲ್ಲ ಎನ್ನುವವರು ಈ ಮನುಷ್ಯನನ್ನು ಕಂಡಿಲ್ಲ, ಅಷ್ಟೆ. ಹಂದಿ ಇರಲಿ, ಹೋರಿ ಇರಲಿ, ಅದು ತನ್ನ ಬಕೆಟ್ಟಿಗೆ ಮೂತಿ ಹಾಕಿ ಓಟ್ಸ್ ಮೆಲ್ಲುತ್ತಿರುವಾಗಲೇ ಕಥೆ ಮುಗಿಯಬೇಕು. ಬಾಯಲ್ಲಿ ಕಾಳು ಇದ್ದಂತೆಯೇ ಬೀಳಬೇಕು. ಬೆದರಿಸಿ, ಓಡಿಸಿ, ಹಗ್ಗ ಹಾಕಿ ಎಳೆದು ಕೊಲ್ಲುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅದಕ್ಕೆ ಅವನು ನಂಬಿದ್ದು ಅಪ್ಪನ ಕಾಲದ ಒಂದು ರೈಫಲನ್ನು. ಟ್ರಿಗರಿನ ಸುತ್ತ ಬಳೆಯಂಥ ಲಿವರ್ ಇರುವ ಕೋವಿ. ಲಿವರನ್ನು ಕೆಳಗೆ ತಳ್ಳಿ ಮೇಲೆಳೆದರೆ ಸುಟ್ಟ ಚಿಪ್ಪು ಹಾರಿಹೋಗಿ, ನಳಿಗೆಯ ಕೆಳಗಿನ ಕೊಳವೆಯಿಂದ ಹೊಸ ಕಾಡತೂಸು ಬಂದು ಕೂರುತ್ತದೆ. ಮೊದಲ ಗುಂಡಿಗೆ ಪ್ರಾಣಿ ಬೀಳದಿದ್ದರೆ, ಅದಕ್ಕೆ ನೋವು ಗೊತ್ತಾಗುವ ಮುಂಚೆ ಎರಡನೆಯದು ಹೋಗಿರಬೇಕು. ಇದು ಕಸುಬಿನ ಮೊದಲ ಪಾಠ. ಆರ್ವಿಡನ ಕೈ ಆ ಪಾಠವನ್ನು ಎಷ್ಟು ಕಲಿತಿತ್ತೆಂದರೆ, ಗುಂಡು ತಾಗಿತೋ ಇಲ್ಲವೋ ಎಂದು ಕಣ್ಣು ನೋಡುವ ಮೊದಲೇ ಕೈ ಲಿವರ್ ಎಳೆದು ಮುಗಿಸಿರುತ್ತಿತ್ತು.

ಆ ಕೋವಿಯ ಕಾಡತೂಸು ಕಿರುಬೆರಳಿಗಿಂತ ಚಿಕ್ಕದು. ಇಪ್ಪತ್ತೈದು-ಇಪ್ಪತ್ತು ಎಂದು ಅದರ ಹೆಸರು. ಅಜ್ಜಂದಿರು ಮೊಲಕ್ಕೂ ನರಿಗೂ ಇಟ್ಟುಕೊಂಡಿದ್ದದ್ದು. ಕಂಪನಿಗಳು ಅದನ್ನು ಮಾಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದ್ದವು. ಊರಿನ ಕೆಫೆಯಲ್ಲಿ ಅದರ ಹೆಸರೆತ್ತಿದರೆ ಸಾಕು, ಪ್ಲಮ್ ಕ್ರೀಕಿನ ದನಗಾರ ಕ್ಲೀಟ್ ರಾಡೆಮಾಕರ್ ಕುರ್ಚಿ ಎಳೆದುಕೊಂಡು ಬರುತ್ತಿದ್ದ.

“ಏನ್ ಯಜಮಾನ್ರೇ, ಸೊಳ್ಳೆ ಬಂದೂಕು ಇನ್ನೂ ಇದೆಯಾ?”

“ಇದೆ. ನಿನ್ನ ತಲೆ ಮೇಲೊಂದು ಸೊಳ್ಳೆ ಕೂತಿದೆ. ಅಲ್ಲಾಡ್ಬೇಡ, ಗುರಿ ತಪ್ಪುತ್ತೆ.”

“ಅಂಗಡೀಲಿ ಆ ಕಾಡತೂಸು ಕೇಳಿದ್ರೆ ಮ್ಯೂಸಿಯಮ್ಮಿಗೆ ಹೋಗಿ ಅಂತಾರಂತೆ. ನನ್ನ ಮಾತು ಕೇಳಿ, ಒಂದು ಮೂವತ್ತು-ಮೂವತ್ತು ತಗೊಳ್ಳಿ. ಗಂಡಸರು ಹಿಡಿಯೋ ಕೋವಿ.”

“ನಿನ್ನ ಮೂವತ್ತು-ಮೂವತ್ತು ಹೋರಿ ತಲೆ ತೂತು ಮಾಡಿ, ಬೇಲಿ ತೂತು ಮಾಡಿ, ಆಚೆ ಊರಿನ ಪಾದ್ರಿ ಟೋಪಿ ಹಾರಿಸಿ ಬರುತ್ತೆ. ನಂದು ಒಳಗೆ ಹೋಗಿ ಅಲ್ಲೇ ಮಲಗುತ್ತೆ. ಸದ್ದು ಕಮ್ಮಿ, ಪಕ್ಕದ ದನ ತಲೆ ಎತ್ತಲ್ಲ. ಮಾಂಸ ಕೆಡಲ್ಲ. ಇನ್ನೇನ್ ಬೇಕು ನಿಂಗೆ, ಮೆರವಣಿಗೆನಾ?”

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬೇಡ ಎನ್ನುವುದು ಅವನ ವಾದ. ವಾದ ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಆಧಾರವಾಗಿದ್ದುದು ಕೋವಿಯಲ್ಲ, ಅವನ ಹೆಂಡತಿ ಓಪಲ್.

ಕಾಡತೂಸು ಅಂಗಡಿಯಲ್ಲಿ ಸಿಗದ ಮೇಲೆ ಓಪಲ್ ಅವನ್ನು ಮನೆಯಲ್ಲೇ ತುಂಬುತ್ತಿದ್ದಳು. ಅಡಿಗೆಮನೆಯ ಮೇಜಿನ ತುದಿಗೆ ಸಣ್ಣ ಕಬ್ಬಿಣದ ಯಂತ್ರವೊಂದನ್ನು ಬಿಗಿದಿದ್ದಳು. ಸುಟ್ಟ ಹಿತ್ತಾಳೆ ಚಿಪ್ಪನ್ನು ಒರೆಸಿ, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಒತ್ತಿ, ಒಂದು ಪುಟ್ಟ ಚಮಚೆಯಷ್ಟು ಮದ್ದು ಸುರಿದು, ಮೇಲೆ ಗುಂಡು ಕೂರಿಸಿದರೆ ಒಂದು ಕಾಡತೂಸು. ಇಸ್ತ್ರಿ ಮಾಡುವಷ್ಟೇ ಸಲೀಸಾಗಿ ಮಾಡುತ್ತಿದ್ದಳು. ಬದುಕಿನಲ್ಲಿ ಅವಳು ಜಂಬ ಪಟ್ಟದ್ದು ಅದೊಂದಕ್ಕೇ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳಿದ್ದಳು, ಊರಿನ ಅರ್ಧ ಜನಕ್ಕೆ ಕೌದಿ ಹೊಲಿದುಕೊಟ್ಟಿದ್ದಳು. ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಕಾಡತೂಸಿನ ವಿಷಯ ಬಂದರೆ ಮಾತ್ರ, “ನನ್ನ ಕೈಯದು ಯಾವತ್ತಾದ್ರೂ ಹುಸಿ ಹೋಗಿದೆಯಾ, ಕೇಳಿ ಅವನನ್ನ” ಎನ್ನುತ್ತಿದ್ದಳು. ಆರ್ವಿಡ್ ತಲೆಯಾಡಿಸುತ್ತಿದ್ದ. ಹೋಗಿರಲಿಲ್ಲ.

ಆ ವರ್ಷದ ವಸಂತದಲ್ಲಿ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಕನ್ನಡಕವನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು ಮನೆಯೆಲ್ಲ ಹುಡುಕಿದಳು. ನಾಯಿಯನ್ನು, ಎಂದೋ ಸತ್ತ ನಾಯಿಯ ಹೆಸರು ಹಿಡಿದು ಕರೆದಳು. ಡಾಕ್ಟರು ಆರ್ವಿಡನನ್ನು ಹೊರಗೆ ಕರೆದು, ಈ ಮರೆವು ವಾಸಿಯಾಗುವ ಕಾಯಿಲೆಯಲ್ಲ, ಮುಂದಕ್ಕೆ ಹೋಗುವುದೇ ಹೊರತು ಹಿಂದಕ್ಕೆ ಬರುವುದಿಲ್ಲ ಎಂದರು. ಕೈಗೆ ಗೊತ್ತಿರುವ ಕೆಲಸವನ್ನು ಮಾತ್ರ ಬಿಡಿಸಬೇಡಿ, ಅದನ್ನು ಕಿತ್ತುಕೊಂಡರೆ ಬೇಗ ಜಾರಿಹೋಗುತ್ತಾರೆ ಎಂದೂ ಹೇಳಿದರು.

ಓಪಲಿನ ಕೈಗೆ ಗೊತ್ತಿದ್ದ ಕೆಲಸ ಯಾವುದೆಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಆರ್ವಿಡ್ ಹೇಳಲೂ ಇಲ್ಲ.

ಅಂದಿನಿಂದ ಅವನು ಒಂದು ಕಳ್ಳತನ ಶುರುಮಾಡಿದ. ಮನೆಯಿಂದ ಹೊರಟು ಗುಡ್ಡದ ತಿರುವಿನಲ್ಲಿ ಟ್ರಕ್ ನಿಲ್ಲಿಸಿ, ಒಂದೊಂದೇ ಕಾಡತೂಸನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಮದ್ದು ಸರಸರ ಎಂದರೆ ಸರಿ. ಸದ್ದಿಲ್ಲದವನ್ನು ಹಳ್ಳಕ್ಕೆ ಎಸೆಯುತ್ತಿದ್ದ. ಬೇಸಿಗೆಯಲ್ಲಿ ಒಂದು ಸಿಕ್ಕಿತು. ಸೆಪ್ಟೆಂಬರಿನಲ್ಲಿ ಇನ್ನೊಂದು. ಎಸೆದ ದಿನವೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ, ಯಾರದೋ ಗುಟ್ಟನ್ನು ಕದ್ದು ಕೇಳಿದವನ ಹಾಗೆ. ಒಂದು ಕಡೆ ಅವಳ ಕೈಯ ಕೆಲಸ, ಇನ್ನೊಂದು ಕಡೆ ಯಾರದಾದರೂ ಜೀವ. ಎರಡನ್ನೂ ಉಳಿಸಿಕೊಳ್ಳಬಹುದು ಎಂದುಕೊಂಡದ್ದು ಅವನ ಮೂರ್ಖತನ. ಪ್ರೀತಿ ಇದ್ದ ಕಡೆ ಬುದ್ಧಿ ಸ್ವಲ್ಪ ಕಮ್ಮಿಯೇ ಇರುತ್ತದೆ.

ಅಕ್ಟೋಬರಿನ ಕೊನೆಯ ವಾರ ಕ್ಲೀಟನ ಫೋನು ಬಂತು. ಅವನ ಕೆಂಪು ಹೋರಿಯ ಹಿಂಗಾಲಿನ ಗೊರಸು ಬಾತು ಕೀವಾಗಿತ್ತು, ಚಳಿಗಾಲ ದಾಟುವುದಿಲ್ಲ, ಬಂದು ಮುಗಿಸಿಕೊಡಿ ಎಂದ. ಅವತ್ತು ಬೆಳಿಗ್ಗೆ ಓಪಲ್ ಕನ್ನಡಿಯ ಹಾಗೆ ತಿಳಿಯಾಗಿದ್ದಳು. ಕ್ಲೀಟನ ತಾಯಿಯ ಹೆಸರು ನೆನಪಿತ್ತು, ಆ ಹೋರಿಯನ್ನು ಕೊಂಡ ವರ್ಷ ಬಿದ್ದ ಆಲಿಕಲ್ಲು ನೆನಪಿತ್ತು. ಆರ್ವಿಡ್ ಬೂಟು ಕಟ್ಟಿಕೊಳ್ಳುವಷ್ಟರಲ್ಲಿ ಅವಳೇ ಕೋವಿ ಇಳಿಸಿ, ಹಿಂದೆಲ್ಲ ಮಾಡುತ್ತಿದ್ದ ಹಾಗೆ ಕೊಳವೆಗೆ ಕಾಡತೂಸು ತುಂಬಿ, ಟ್ರಕ್ಕಿನ ಕಿಟಕಿಯಿಂದ ಕೊಟ್ಟಳು.

“ತುಂಬಿದೀನಿ. ಕ್ಲೀಟಿಗೆ ಹೇಳು, ನಾಲಿಗೆ ಚೆನ್ನಾಗಿ ತೊಳೆದು ಕೊಡ್ಲಿ. ಹೋದ್ಸಲ ಮಣ್ಣಿತ್ತು.”

ಕಡಿದವನಿಗೆ ನಾಲಿಗೆ ಸೇರುವುದು ಅಲ್ಲಿಯ ರೂಢಿ. ಆರ್ವಿಡ್ ನಕ್ಕು ಹೊರಟ.

ಗುಡ್ಡದ ತಿರುವು ಬಂತು. ಕಾಲು ಬ್ರೇಕಿನ ಮೇಲೆ ಹೋಯಿತು. ಕೋವಿ ಬಿಚ್ಚಿ ಒಂದೊಂದನ್ನೂ ಹೊರತೆಗೆದು ಅಲ್ಲಾಡಿಸಬೇಕು. ಇಷ್ಟು ತಿಳಿಯಾಗಿದ್ದ ದಿನವೂ ಅವಳನ್ನು ಅನುಮಾನಿಸಬೇಕೆ ಎಂದು ಮನಸ್ಸು ಕಹಿಯಾಯಿತು. ಇವತ್ತೊಂದು ದಿನ ಗಂಡನಾಗಿ ಹೋಗುತ್ತೇನೆ, ಪೊಲೀಸನಾಗಿ ಅಲ್ಲ ಎಂದುಕೊಂಡು ಬ್ರೇಕಿನಿಂದ ಕಾಲು ತೆಗೆದ.

ಕ್ಲೀಟನ ದೊಡ್ಡಿ ದಪ್ಪ ಗಳುಗಳ ಬೇಲಿಯದು. ಆಚೆ ಮಗ್ಗುಲಲ್ಲಿ ಹಸುಗಳ ಹಿಂಡು, ನಡುವೆ ಮರದ ಅಡ್ಡಗೋಲು ಹಾಕಿದ ಬಾಗಿಲು. ಹೋರಿ ಒಳಗೆ ಕುಂಟುತ್ತ ಸುತ್ತುತ್ತಿತ್ತು. ಬಕೆಟ್ ಇಟ್ಟರೂ ತಲೆ ಈಚೆಗೆ ತಿರುಗಿಸಲೊಲ್ಲದು. ಆರ್ವಿಡ್ ಬೇಲಿಯ ಹೊರಗೆ, ಕೆಳಗಿನ ಗಳುವಿನ ಮೇಲೆ ನಿಂತು ಕಾದ. ಕಾಯುವುದರಲ್ಲಿ ಅವನಿಗೆ ಬೇಸರವಿಲ್ಲ. ಕ್ಲೀಟಿಗಿತ್ತು.

“ನಾನು ಇಳಿದು ತಿರುಗಿಸ್ತೀನಿ.”

“ಇಳೀಬೇಡ. ಅದೇ ತಿರುಗುತ್ತೆ.”

“ನಿಮಗೆ ಸಾಯಂಕಾಲದ ತನಕ ಟೈಮಿದೆ ಯಜಮಾನ್ರೇ, ನನಗೆ ಬೇರೆ ಕೆಲಸ ಇದೆ.” ಹೇಳುತ್ತಲೇ ಅವನು ಒಳಗೆ ಧುಮುಕಿ ಬಕೆಟ್ ಎತ್ತಿ ಅಲ್ಲಾಡಿಸಿದ.

ಹೋರಿ ತಿರುಗಿತು. ಮೂತಿ ಬಕೆಟ್ಟಿಗೆ ಇಳಿಯಿತು. ಹಣೆ ನೇರಕ್ಕೆ ಬಂತು. ಕ್ಲೀಟ್ ಪಕ್ಕಕ್ಕೆ ಸರಿದ. ಆರ್ವಿಡ್ ಉಸಿರು ಅರ್ಧ ಬಿಟ್ಟು ಟ್ರಿಗರ್ ಒತ್ತಿದ.

ಟಪ್ ಎಂದಿತು. ನೆನೆದ ಪಟಾಕಿಯ ಸದ್ದು.

ಹೋರಿ ಬೀಳಲಿಲ್ಲ. ಬೆಚ್ಚಿ ತಲೆ ಬೀಸಿತು. ಬೀಸಿದ ತಲೆಗೆ ಕ್ಲೀಟ್ ಸಿಕ್ಕಿದ. ಅವನನ್ನು ಎತ್ತಿ ಗಳುಗಳಿಗೆ ಅಪ್ಪಳಿಸಿ, ಹಣೆಯನ್ನು ಅವನ ಎದೆಗೆ ಒತ್ತಿ ನಿಂತಿತು. ಅಷ್ಟರಲ್ಲಿ ಆರ್ವಿಡನ ಕೈ ತನ್ನ ಪಾಠ ಒಪ್ಪಿಸಿಯಾಗಿತ್ತು. ಲಿವರ್ ಇಳಿದು ಏರಿತ್ತು. ಖಾಲಿ ಚಿಪ್ಪು ಹಾರಿ ಹುಲ್ಲಿಗೆ ಬಿದ್ದಿತ್ತು. ಹೊಸ ಕಾಡತೂಸು ಕೂತಿತ್ತು. ಹೋರಿಯ ಕಿವಿಯ ಹಿಂಭಾಗ ಗುರಿಯ ತುದಿಯಲ್ಲಿತ್ತು, ಇಷ್ಟು ಹತ್ತಿರದಿಂದ ಕುರುಡನೂ ಹೊಡೆದಾನು.

“ಹೊಡೀರಿ,” ಎಂದ ಕ್ಲೀಟ್. ಕೂಗಲು ಎದೆಯಲ್ಲಿ ಗಾಳಿಯಿರಲಿಲ್ಲ. “ಹೊಡೀ... ಹೊಡಿಯೋ.”

ಬೆರಳು ಟ್ರಿಗರಿನ ಮೇಲೆ ಬಂತು. ಅರ್ಧ ಒತ್ತಿತು. ಅಲ್ಲೇ ನಿಂತಿತು.

ಭುಜಕ್ಕೆ ಒದೆ ಬಿದ್ದಿರಲಿಲ್ಲ. ಎಷ್ಟೇ ಸಣ್ಣ ಕಾಡತೂಸಾದರೂ ಭುಜಕ್ಕೆ ಒಂದು ತಟ್ಟು ತಟ್ಟುತ್ತದೆ. ಹೊಗೆಯ ವಾಸನೆಯೂ ಇಲ್ಲ. ಬರೀ ಕೇಪು ಸಿಡಿದಿದೆ, ಮದ್ದಿಲ್ಲ. ಹಾಗಾದರೆ ಗುಂಡು ಎಲ್ಲಿ? ಹೊರಗೆ ಬಂದು ಮಣ್ಣಿಗೆ ಬಿತ್ತೆ, ನಳಿಗೆಯ ನಡುವೆಯೇ ಕೂತಿದೆಯೆ? ಕೂತಿದ್ದರೆ, ಈಗ ಹೊಡೆಯುವ ಗುಂಡು ಅದಕ್ಕೆ ಬಡಿದು ನಳಿಗೆ ಸೀಳುತ್ತದೆ. ಕಬ್ಬಿಣದ ಚೂರು ತನ್ನ ಮುಖಕ್ಕೆ ಬರುತ್ತದೆ, ಹೋರಿ ಮಾತ್ರ ಅಲ್ಲೇ ನಿಂತಿರುತ್ತದೆ. ಕೂತಿಲ್ಲದಿದ್ದರೆ, ಈ ಒಂದು ಗುಂಡಿಗೆ ಕ್ಲೀಟ್ ಉಳಿಯುತ್ತಾನೆ. ನೋಡಲು ಪುರುಸೊತ್ತಿಲ್ಲ. ಕ್ಲೀಟನ ಮುಖ ನೀಲಿಯಾಗುತ್ತಿತ್ತು.

ಕ್ಲೀಟ್ ಆ ಕಡೆಯಿಂದ ಕಂಡದ್ದು ಇಷ್ಟೆ: ಎಪ್ಪತ್ತು ದಾಟಿದ ಮುದುಕನೊಬ್ಬ ಗುರಿ ಹಿಡಿದು, ಹೊಡೆಯದೆ ಕೋವಿ ಕೆಳಗಿಳಿಸಿದ.

ಆರ್ವಿಡ್ ಕೋವಿಯನ್ನು ಬೇಲಿಗೆ ಒರಗಿಸಿ, ಒಳಗೆ ಧುಮುಕಿ ನಡುವಿನ ಬಾಗಿಲಿಗೆ ಓಡಿದ. ಅಡ್ಡಗೋಲು ಇಬ್ಬನಿಗೆ ಉಬ್ಬಿ ಬಿಗಿದಿತ್ತು. ಭುಜ ಕೊಟ್ಟು ಕಿತ್ತ. ಬಾಗಿಲು ತೆರೆದುಕೊಂಡು ಆಚೆಯ ಹಸುಗಳು ಕಂಡವು. ಅದೇ ಗೋಲು ಹಿಡಿದು ಹಿಂದಕ್ಕೆ ಬಂದು, ಹೋರಿಯ ಬಾತ ಗೊರಸಿನ ಮೇಲೆ ಇದ್ದ ಬಲವೆಲ್ಲ ಹಾಕಿ ಬಾರಿಸಿದ. ಜೀವಮಾನದಲ್ಲಿ ಪ್ರಾಣಿಯ ನೋವಿನ ಜಾಗ ಹುಡುಕಿ ಹೊಡೆದದ್ದು ಅದೇ ಮೊದಲು. ಹೋರಿ ಒರಲಿ ಹಿಂದಕ್ಕೆ ಜಗ್ಗಿತು, ಸುತ್ತಿತು, ತೆರೆದ ಬಾಗಿಲು ಕಂಡು ಕುಂಟುತ್ತ ಹಸುಗಳ ನಡುವೆ ನುಗ್ಗಿತು. ಕ್ಲೀಟ್ ಬೇಲಿಯುದ್ದಕ್ಕೂ ಜಾರಿ ಕೂತ.

ಬಹಳ ಹೊತ್ತು ಅವನು ಉಸಿರನ್ನು ತುಣುಕು ತುಣುಕಾಗಿ ಎಳೆದ. ಆಮೇಲೆ ಬಾಯಿ ಬಂತು.

“ಹೆದರಿಬಿಟ್ರಾ ನೀವು? ಕಣ್ಣೆದುರು ನಾನು ಸಾಯ್ತಾ ಇದ್ದೆ. ಹೊಡೀಲಿಲ್ಲ ಯಾಕೆ?”

ಆರ್ವಿಡ್ ಕೋವಿ ತಂದು ಲಿವರ್ ಇಳಿಸಿ, ಒಳಗೆ ಕೂತಿದ್ದ ಕಾಡತೂಸನ್ನು ಹೊರತೆಗೆದ. ಟ್ರಕ್ಕಿನಿಂದ ನಳಿಗೆ ಒರೆಸುವ ಉದ್ದ ಸಲಾಕೆ ತಂದು ಕೋವಿಯ ಬಾಯಿಯಿಂದ ಒಳಗೆ ಬಿಟ್ಟ. ಸಲಾಕೆ ಸ್ವಲ್ಪ ದೂರ ಹೋಗಿ ನಿಂತಿತು. ಕಲ್ಲಿನಿಂದ ಮೆಲ್ಲಗೆ ಬಡಿದ. ಹಿಂಬದಿಯಿಂದ ಗುಂಡೊಂದು ಕಳಚಿ ಹುಲ್ಲಿನ ಮೇಲೆ ಬಿತ್ತು. ಆಮೇಲೆ ಒಳಗಿಂದ ತೆಗೆದ ಕಾಡತೂಸನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಕ್ಲೀಟನ ಕಿವಿಯ ಹತ್ತಿರವೂ ಹಿಡಿದ. ಸರಸರ ಎಂದಿತು. ಅದರಲ್ಲಿ ಮದ್ದಿತ್ತು.

ದನಗಾರನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಿದ್ದ ಗುಂಡನ್ನು ನೋಡಿದ, ಆರ್ವಿಡನ ಮುಖ ನೋಡಿದ. ಇದನ್ನು ತುಂಬುವ ಕೈ ಯಾವುದೆಂದು ಊರಿಗೆಲ್ಲ ಗೊತ್ತು.

“ಮಿಸೆಸ್ ಸ್ಟೋರ್ಡಾಲ್?”

“ಹೂಂ.”

“ಇದೇ ಮೊದಲಾ?”

ಆರ್ವಿಡ್ ಬಗ್ಗಿ ಹುಲ್ಲಿನಿಂದ ಆ ಗುಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಕ್ಲೀಟಿಗೆ ಅದೇ ಉತ್ತರವಾಯಿತು. ಅವನಿಗೆ ಬಂದ ಸಿಟ್ಟನ್ನು ತಪ್ಪೆನ್ನಲಾಗದು. ಪಕ್ಕೆಲುಬು ಮುರಿದುಕೊಂಡವನು ಅವನು.

“ಗೊತ್ತಿದ್ದೂ ತಂದ್ರಿ. ನಾಳೆ ಹಂದಿ ಹಿಡ್ಕೊಂಡು ಯಾರದೋ ಮನೆ ಹೆಂಗಸು ಪಕ್ಕದಲ್ಲಿ ನಿಂತಿರ್ತಾಳೆ. ಆಗಲೂ ಹೀಗೇ ಆದ್ರೆ? ನನಗೆ ಅವರು ಬೈಬಲ್ ಕಲಿಸಿದೋರು, ಅವರ ಮೇಲೆ ನನಗೇನೂ ಇಲ್ಲ. ಆದರೆ ಅವರು ಇನ್ನು ಅದನ್ನ ಮುಟ್ಟಕೂಡದು. ನೀವು ಹೇಳಿ. ಶನಿವಾರ ನಾನು ಬರ್ತೀನಿ. ಅಷ್ಟರಲ್ಲಿ ಹೇಳಿರದಿದ್ರೆ ನಾನೇ ಹೇಳ್ತೀನಿ.”

ಹೋರಿಯನ್ನು ಹಾಗೆ ಬಿಡುವಂತಿರಲಿಲ್ಲ. ಕ್ಲೀಟನ ಟ್ರಕ್ಕಿನಲ್ಲಿದ್ದ ಮೂವತ್ತು-ಮೂವತ್ತನ್ನು ಆರ್ವಿಡ್ ತೆಗೆದುಕೊಂಡು ಹೋದ. ಹಸುಗಳ ನಡುವಿನಿಂದ ಅದು ಹೊರಬರುವ ತನಕ ಕಾದು, ಪಕ್ಕದಿಂದ ಒಂದೇ ಗುಂಡಿಗೆ ಬೀಳಿಸಿದ. ಗುಡುಗಿನಂಥ ಸದ್ದಿಗೆ ಹಿಂಡು ಚೆಲ್ಲಾಪಿಲ್ಲಿಯಾಯಿತು. ಗುಂಡು ಹೋರಿಯ ತಲೆ ದಾಟಿ ಆಚೆಯ ನೀರಿನ ತೊಟ್ಟಿಯನ್ನೂ ತೂತು ಮಾಡಿತು. ಇನ್ನೊಂದು ದಿನವಾಗಿದ್ದರೆ ಆ ತೂತಿಗೆ ಬೆರಳು ಹಾಕಿ ತೋರಿಸಿ, ತಿಂಗಳುಗಟ್ಟಲೆ ಕೆಫೆಯಲ್ಲಿ ಮೆರೆಯುತ್ತಿದ್ದ. ಅವತ್ತು ಕಂಡೂ ಕಾಣದವನಂತೆ ತೊಗಲು ಸುಲಿಯಲು ಕೂತ.

ಮನೆಗೆ ಬಂದಾಗ ಓಪಲ್ ಕೇಳಿದ್ದು ಒಂದೇ: “ನಾಲಿಗೆ ಎಲ್ಲಿ?”

ಮರೆತು ಬಂದಿದ್ದ. ಮರೆತೆ ಎಂದ.

“ನೀನು ಮರೆಯೋನಲ್ಲ,” ಎಂದು ಅವಳು ಅವನ ಮುಖವನ್ನೇ ನೋಡಿದಳು. ಆ ನೋಟ ಹೋದ ವರ್ಷದ ಓಪಲಿನದೇ, ಚೂರೂ ಮಾಸಿರಲಿಲ್ಲ.

ಗುರುವಾರ ಹೇಳಲು ಬಾಯಿ ತೆರೆದ. ಅವಳು ಅಡಿಗೆಮನೆಯಲ್ಲಿ ಚಿಪ್ಪುಗಳನ್ನು ಸಾಲಾಗಿ ನಿಲ್ಲಿಸಿ, ಚಮಚೆಯಿಂದ ಮದ್ದು ಹಾಕುತ್ತ, ಹಳೆಯ ಪ್ರಾರ್ಥನೆಯ ಹಾಡೊಂದನ್ನು ಗುನುಗುತ್ತಿದ್ದಳು. ಒಂದಕ್ಕೆ ಹಾಕಿದಳು, ಮುಂದಿನದಕ್ಕೆ ಹಾಕಿದಳು, ಹಾಡಿನ ಸಾಲು ಮರೆತು ನಿಂತಳು, ಸಾಲು ನೆನಪಾಗಿ ಒಂದನ್ನು ಬಿಟ್ಟು ಅದರಾಚೆಯದಕ್ಕೆ ಹಾಕಿದಳು. ಆರ್ವಿಡ್ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡ. ಶುಕ್ರವಾರವೂ ಹೇಳಲಿಲ್ಲ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ.

ಶನಿವಾರ ಮಧ್ಯಾಹ್ನ ಕ್ಲೀಟನ ಟ್ರಕ್ಕು ಅಂಗಳಕ್ಕೆ ಬಂತು. ಎದೆಗೆ ಪಟ್ಟಿ ಬಿಗಿದಿದ್ದರಿಂದ ಇಳಿಯಲು ತುಂಬ ಹೊತ್ತು ಹಿಡಿಯಿತು. ಕೈಯಲ್ಲಿ ಬಿಳಿ ಕಾಗದದಲ್ಲಿ ಸುತ್ತಿದ ನಾಲಿಗೆ.

“ತೊಳೆದಿದೀನಿ ಮಿಸೆಸ್ ಸ್ಟೋರ್ಡಾಲ್. ಮಣ್ಣಿಲ್ಲ.”

“ಬಾ, ಕೂತ್ಕೋ. ಎದೆಗೇನಾಯ್ತೋ?”

ಕ್ಲೀಟ್ ಆರ್ವಿಡನತ್ತ ನೋಡಿದ. ಮುದುಕ ಇನ್ನೂ ಹೇಳಿಲ್ಲ ಎಂಬುದು ಅವನಿಗೆ ತಿಳಿಯಿತು. ಕುರ್ಚಿಯ ಬೆನ್ನು ಹಿಡಿದು, ಬೈಬಲ್ ಓದಲು ನಿಂತ ಹುಡುಗನ ಹಾಗೆ ಗಂಟಲು ಸರಿಮಾಡಿಕೊಂಡ.

“ಮಿಸೆಸ್ ಸ್ಟೋರ್ಡಾಲ್, ನಾನು ಒಂದು ವಿಷಯ...”

“ಹೋರಿ ತಿವೀತು,” ಎಂದು ಆರ್ವಿಡ್ ನಡುವೆ ಬಿದ್ದ. “ನನ್ನ ಗುಂಡು ಅದನ್ನ ಬೀಳಿಸ್ಲಿಲ್ಲ. ತಾಗಿತು, ಬೀಳ್ಲಿಲ್ಲ. ಕ್ಲೀಟ್ ಇಷ್ಟು ವರ್ಷದಿಂದ ಬಡ್ಕೊಂಡಿದ್ದೇ ಸರಿ. ಆ ಇಪ್ಪತ್ತೈದು-ಇಪ್ಪತ್ತರ ಕಾಲ ಮುಗೀತು, ಓಪಲ್. ಅದು ಮೊಲಕ್ಕೆ ಸಾಕು, ಕಸುಬಿಗೆ ಸಾಲದು. ಕೋವೀನ ಇವನಿಗೆ ಕೊಟ್ಬಿಡ್ತೀನಿ. ಬೇರೆ ತಗೋತೀನಿ.”

ಕ್ಲೀಟ್ ಬಾಯಿ ತೆರೆದುಕೊಂಡೇ ನಿಂತ. ಅವನು ಎಂದಿನಿಂದಲೋ ಕಾದಿದ್ದ ಮಾತು ಅದು. ಕೆಫೆಯಲ್ಲಿ ಎಲ್ಲರೆದುರು ಈ ಮುದುಕನ ಬಾಯಿಂದ ಅದನ್ನು ಕೇಳಬೇಕೆಂದು ಎಷ್ಟು ಕಾಫಿ ಕುಡಿದಿದ್ದನೋ. ಈಗ ಕೇಳಿ ಅವನಿಗೆ ಖುಷಿಯಾಗಲಿಲ್ಲ.

ಓಪಲ್ ಅವನತ್ತ ತಿರುಗಿದಳು. “ನೀನಿದ್ಯಲ್ಲ ಅಲ್ಲಿ. ನನ್ನ ಕಣ್ಣು ನೋಡಿ ಹೇಳು. ಕಾಡತೂಸು ಸರಿಯಾಗಿ ಹೊಡೀತಾ?”

ಆರ್ವಿಡ್ ಮೇಜಿನ ಅಂಚು ಹಿಡಿದಿದ್ದ. ಕ್ಲೀಟ್ ಅವಳನ್ನು ನೋಡಿದ, ಆ ಅಂಚನ್ನು ಹಿಡಿದ ಕೈಯನ್ನು ನೋಡಿದ.

“ಹೊಡೀತು,” ಎಂದ. “ಹೋರಿ ತಲೆ ದಪ್ಪ ಇತ್ತು.”

ಅಲ್ಲಿಗೆ ಮುಗಿಯಿತು ಎಂದುಕೊಂಡ ಆರ್ವಿಡ್. ಮುಗಿಯಲಿಲ್ಲ. ಓಪಲ್ ಮೆಲ್ಲಗೆ ಕುರ್ಚಿಗೆ ಕುಸಿದಳು.

“ಹಾಗಾದ್ರೆ ನನ್ನ ಕಾಡತೂಸಿಂದಾನೇ ನಿನ್ನ ಎಲುಬು ಮುರೀತು,” ಎಂದಳು. “ಇಷ್ಟು ದಿನ ನಾನು ಜಂಬ ಕೊಚ್ಕೊಂಡೆ. ಬಲ ಇಲ್ಲದ್ದನ್ನ ತುಂಬಿ ತುಂಬಿ ಗಂಡನ ಕೈಗೆ ಕೊಟ್ಟೆ. ನೀನು ಸತ್ತಿದ್ರೆ ನಿಮ್ಮಮ್ಮನಿಗೆ ಏನು ಹೇಳ್ತಿದ್ದೆ ನಾನು?”

ಕ್ಲೀಟನ ಅಮ್ಮ ಸತ್ತು ಎಷ್ಟೋ ವರ್ಷವಾಗಿತ್ತು. ಯಾರೂ ತಿದ್ದಲಿಲ್ಲ. ಅವಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಯಾವ ತಪ್ಪಿನಿಂದ ಅವಳನ್ನು ಕಾಪಾಡಲು ಆರ್ವಿಡ್ ಸುಳ್ಳು ಹೇಳಿದ್ದನೋ, ಆ ಸುಳ್ಳೇ ಸುತ್ತಿಬಂದು ಅದೇ ತಪ್ಪನ್ನು ಅವಳ ಮಡಿಲಿಗೆ ಹಾಕಿತ್ತು. ಆರ್ವಿಡಿಗೆ ತನ್ನ ನಾಲಿಗೆಯನ್ನೇ ಕಿತ್ತು ಆ ಬಿಳಿ ಕಾಗದದಲ್ಲಿ ಸುತ್ತಿಕೊಡಬೇಕೆನಿಸಿತು.

ಕ್ಲೀಟ್ ಕೋವಿಯನ್ನು ಟ್ರಕ್ಕಿನ ಸೀಟಿನ ಮೇಲೆ ಮಲಗಿಸಿಕೊಂಡು ಹೊರಟುಹೋದ. ಆರ್ವಿಡ್ ಕೇಪಿನ ಪೆಟ್ಟಿಗೆಗಳನ್ನು ತೆಗೆದು ಕೊಟ್ಟಿಗೆಯ ಅಟ್ಟದಲ್ಲಿ ಬಚ್ಚಿಟ್ಟ. ಓಪಲ್ ಆ ಮಧ್ಯಾಹ್ನವೆಲ್ಲ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಸಂಜೆ ಎದ್ದು ಬಂದಾಗ ಅವಳ ಮುಖ ನಿರಾಳವಾಗಿತ್ತು. ನಾಲಿಗೆ ಬೇಯಿಸಿದಳು, ಮೂಲಂಗಿ ತುರಿದಳು. ತಟ್ಟೆ ಹಾಕುತ್ತಿದ್ದವಳು ಬಾಗಿಲ ಮೇಲಿನ ಖಾಲಿ ಗೂಟ ನೋಡಿ ನಿಂತಳು.

“ಆರ್ವಿಡ್, ಕೋವಿ ಎಲ್ಲಿ? ಸೋಮವಾರ ನಿಂಗೆ ಹಂದಿ ಕೆಲಸ ಇದೆಯಲ್ಲ.”

ಅವನು ಅವಳನ್ನು ನೋಡಿದ. ಅವಳ ಪಾಲಿಗೆ ಇದನ್ನು ಕೇಳುತ್ತಿದ್ದುದು ಮೊದಲ ಸಲ. ಮಧ್ಯಾಹ್ನ ಅತ್ತದ್ದು, ಕ್ಲೀಟ್ ಬಂದು ಹೋದದ್ದು, ಯಾವುದೂ ಅವಳಲ್ಲಿ ಇರಲಿಲ್ಲ. ಅವನಿಗೆ ಹೆದರಿಕೆಯಾಯಿತು. ಇನ್ನು ಮೇಲೆ ದಿನವೂ ಇದನ್ನು ಹೇಳಬೇಕು, ದಿನವೂ ಅವಳು ಹೊಸದಾಗಿ ಕುಸಿಯಬೇಕು. ಬಾಯಲ್ಲಿ ಅದೇ ಮಾತು ಬಂತು, ಕಾಲ ಮುಗೀತು ಎಂಬ ಮಾತು. ನುಂಗಿಕೊಂಡ.

“ಕ್ಲೀಟ್ ತಗೊಂಡು ಹೋದ,” ಎಂದ. “ಅವನ ಮೂವತ್ತು-ಮೂವತ್ತು ನೀರಿನ ತೊಟ್ಟಿ ತೂತು ಮಾಡ್ತಂತೆ. ನಾಚಿಕೆ ಬಿಟ್ಟು ಬಂದು ಕೇಳ್ದ. ಸ್ವಲ್ಪ ದಿನಕ್ಕೆ ಕೊಡಿ, ಕೆಲಸಕ್ಕೆ ಇದೇ ಸರಿ ಅಂದ.”

ಓಪಲ್ ತಟ್ಟೆ ಹಿಡಿದುಕೊಂಡೇ ನಿಂತಳು. ಆಮೇಲೆ ಅವಳಿಗೆ ನಗು ಬಂತು. ಹೊಟ್ಟೆ ಹಿಡಿದು ನಕ್ಕಳು. “ಕ್ಲೀಟ್ ರಾಡೆಮಾಕರ್? ಅವನೇ ಬಾಯಿ ಬಿಟ್ಟು ಕೇಳಿದ್ನಾ?”

“ಅವನೇ.”

ಇದನ್ನು ಕ್ಲೀಟಿಗೆ ಹೇಳಿಡಬೇಕಿತ್ತು. ಫೋನು ಮಾಡೋಣವೆಂದರೆ ಓಪಲ್ ಪಕ್ಕದಿಂದ ಕದಲಲೇ ಇಲ್ಲ. ಮರುದಿನ ಬೆಳಿಗ್ಗೆ ಚರ್ಚಿಗೆ ಕ್ಲೀಟ್ ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಪ್ರಾರ್ಥನೆ ಮುಗಿದು ಎಲ್ಲರೂ ಕೆಳಗಿನ ಹಾಲಿಗೆ ಕಾಫಿಗೆ ಇಳಿದರು. ಆರ್ವಿಡ್ ಜನರ ನಡುವೆ ದಾರಿ ಮಾಡಿಕೊಂಡು ಅವನತ್ತ ಹೊರಟ. ಪಾದ್ರಿ ಕೈ ಹಿಡಿದು ನಿಲ್ಲಿಸಿ, ಚಳಿ ಹೇಗಿದೆ ಎಂದು ಕೇಳಿದ. ಅಷ್ಟರಲ್ಲಿ ಓಪಲ್ ಕ್ಲೀಟನೆದುರು ನಿಂತಾಗಿತ್ತು. ಕೆಫೆಯ ಗಂಡಸರೆಲ್ಲ ಕಪ್ಪು ಹಿಡಿದು ಸುತ್ತಲೇ ಇದ್ದರು.

“ಏನ್ ಕ್ಲೀಟ್, ಕೊನೆಗೂ ದಾರಿಗೆ ಬಂದ್ಯಂತೆ,” ಎಂದಳು, ಹಾಲಿಗೆಲ್ಲ ಕೇಳುವ ಹಾಗೆ. “ನಮ್ಮ ಸೊಳ್ಳೆ ಬಂದೂಕನ್ನ ಕೇಳಿ ತಗೊಂಡು ಹೋದ್ಯಂತೆ.”

ಯಾರೋ ಕಿಸಕ್ಕೆಂದರು. ಕ್ಲೀಟ್ ಕೆಂಪಾದ. ಅವನ ಕೈ ಎದೆಯ ಪಟ್ಟಿಯ ಮೇಲೆ ಹೋಯಿತು. ನಿನ್ನೆ ಒಂದು ಸುಳ್ಳು ಹೇಳಿಸಿದ್ದರು. ಇವತ್ತು ಊರೆದುರು ಮೂಗು ಕೊಯ್ಯುತ್ತಿದ್ದರು. ಜನರ ತಲೆಗಳ ಮೇಲಿಂದ ಅವನು ಆರ್ವಿಡನನ್ನು ಹುಡುಕಿದ. ಆರ್ವಿಡ್ ಪಾದ್ರಿಯ ಕೈಯನ್ನು ಹಿಡಿದೇ ಇದ್ದ, ಬೇಡುವವನ ಮುಖ. ಕ್ಲೀಟ್ ಓಪಲ್ ಕಡೆ ನೋಡಿದ. ಅವಳ ಕಣ್ಣು ಹೊಳೆಯುತ್ತಿತ್ತು. ನಿನ್ನೆ ಅವನೆದುರು ಕುಸಿದಿದ್ದ ಹೆಂಗಸಿನ ಸುಳಿವೇ ಅಲ್ಲಿರಲಿಲ್ಲ.

“ಹೌದು ಮಿಸೆಸ್ ಸ್ಟೋರ್ಡಾಲ್,” ಎಂದ. “ನಂದು ತೊಟ್ಟಿ ತೂತು ಮಾಡ್ತು. ಅದಕ್ಕೇ ಕೇಳ್ದೆ.”

“ಜೋರಾಗಿ ಹೇಳು, ಇವರಿಗೂ ಕೇಳಿಸ್ಲಿ.”

“ನಾನು ಹೇಳ್ತಿದ್ದಿದ್ದು ತಪ್ಪು,” ಎಂದ ಕ್ಲೀಟ್, ಜೋರಾಗಿ. “ಯಜಮಾನ್ರು ಹೇಳಿದ್ದೇ ಸರಿ.”

ಗಂಡಸರು ಮೇಜು ಕುಟ್ಟಿ ನಕ್ಕರು. ಕ್ಲೀಟ್ ಅಲ್ಲಾಡದೆ ನಿಂತು ಆ ನಗೆಯನ್ನು ಸಹಿಸಿಕೊಂಡ. ಓಪಲ್ ಅವನ ತೋಳು ತಟ್ಟಿದಳು.

“ಕಾಡತೂಸು ಮುಗಿದ್ರೆ ಹೇಳು. ನಾನೇ ತುಂಬಿ ಕೊಡ್ತೀನಿ.”

“ನೀವು ಕೊಟ್ಟಿರೋದೇ ಬೇಕಾದಷ್ಟಿದೆ,” ಎಂದ ಕ್ಲೀಟ್. “ಒಂದೂ ಹುಸಿ ಹೋಗಿಲ್ಲ, ಮಿಸೆಸ್.”

ಅವಳು ಅವನಿಗೆ ಸೇಬಿನ ಪೈ ಕೊಯ್ದು ಕೊಟ್ಟಳು, ಎಲ್ಲರಿಗಿಂತ ದೊಡ್ಡ ತುಂಡು. ಎಲುಬಿನ ನೋವಿಗೆ ಕೂರಲಾಗದೆ ಅವನು ಗೋಡೆಗೆ ಒರಗಿ ನಿಂತೇ ತಿಂದ.